ಡ್ಯಾಮೇಜ್ ನಿಲ್, ಪೆಟ್ಟು ಒಂದು

ಶ್ರಾವಣದ ಎರಡನೇ ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಬರೆಯಲು ಶುರು ಮಾಡಿದ್ದೇನೆ.

ನಿವೃತ್ತರಾದವರು ತಮ್ಮ ಕೆಲಸದ ಅನುಭವ ಬರೆಯುವುದು ವಾಡಿಕೆ. ನನಗೆ ಮೂವತ್ತೊಂದು ವರ್ಷ. ಆದರೂ ಬರೆಯುವ ಹಕ್ಕಿದೆ ಎಂದುಕೊಂಡಿದ್ದೇನೆ, ಏಕೆಂದರೆ ನಾನಲ್ಲದಿದ್ದರೂ ನನ್ನ ಕೆಲಸ ನಿವೃತ್ತಿಯಾಗಿದೆ. ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದ ಒಂದು ಗೋಡೌನಿನಲ್ಲಿ ಒಂಬತ್ತು ವರ್ಷ ನಾನು ಡ್ಯಾಮೇಜ್ ಡೆಸ್ಕಿನಲ್ಲಿದ್ದೆ. ಲಾರಿಯಿಂದ ಇಳಿದ ಮಾಲಿನಲ್ಲಿ ಯಾವುದು ಓಕೆ, ಯಾವುದು ಡ್ಯಾಮೇಜ್ ಎಂದು ನೋಡಿ ಹೇಳುವುದು ನನ್ನ ಕೆಲಸ. ಓಕೆ ಆದದ್ದಕ್ಕೆ ಹಸಿರು ಚೀಟಿ, ಡ್ಯಾಮೇಜ್ ಆದದ್ದಕ್ಕೆ ಕೆಂಪು ಚೀಟಿ. ಯುಗಾದಿ ಕಳೆದ ಮೇಲೆ ಅಲ್ಲಿ ಒಂದು ಕ್ಯಾಮೆರಾ ಕಮಾನು ಬಂತು. ಬಾಕ್ಸು ಅದರ ಕೆಳಗೆ ಹಾದುಹೋದರೆ ಸಾಕು, ಕೆಂಪೋ ಹಸಿರೋ ದೀಪ ಹತ್ತುತ್ತದೆ. ದೀಪ ನೋಡಿ ಚೀಟಿ ಅಂಟಿಸುವವರನ್ನು ಉಳಿಸಿಕೊಂಡು ನನ್ನ ಡೆಸ್ಕು ತೆಗೆದರು.

ಬೀಳ್ಕೊಡುವ ದಿನ ಜೊತೆಯವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಅರವತ್ತು ತುಂಬಿದವರಿಗೆ ಮಾಡುವ ಹಾಗೆಯೇ ಮಾಡಿದರು. ಯಾರೋ ನನ್ನ ಬೆನ್ನಿಗೆ ಡ್ಯಾಮೇಜ್ ಎಂಬ ಕೆಂಪು ಚೀಟಿ ಅಂಟಿಸಿದ್ದರು. ಅದನ್ನು ಹೊತ್ತುಕೊಂಡೇ ಭಾಷಣ ಮಾಡಿದೆ.

ಬೇರೆ ಗೋಡೌನುಗಳಲ್ಲಿ ಈ ಡೆಸ್ಕು ಇನ್ನೂ ಇದೆ, ಕೆಲಸ ಹೇಳಿಕೊಡಲು ನನ್ನನ್ನು ಆಗಾಗ ಕರೆಯುತ್ತಾರೆ. ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ, ಡ್ಯಾಮೇಜ್ ಅಂದರೆ ಏನು ಎಂದು. ನನಗೆ ಗೊತ್ತಿಲ್ಲ. ಸೇರಿದಾಗ ಗೊತ್ತಿತ್ತು. ವರ್ಷ ಕಳೆದಂತೆ ಆ ಪದ ಮಸುಕಾಗುತ್ತಾ ಹೋಯಿತು. ಅದೇ ಪದದ ದೆಸೆಯಿಂದ ಸುನಂದಮ್ಮ ಎಂಬವರ ಕೆಲಸ ಹೋಗುವುದರಲ್ಲಿತ್ತು. ಅದನ್ನು ಹೇಳುವುದಕ್ಕೇ ಕೂತಿದ್ದೇನೆ. ಆದರೆ ಅಲ್ಲಿಗೆ ಬರುವ ಮೊದಲು ಒಂದಷ್ಟು ಹಿಂದಿನದು ಹೇಳದಿದ್ದರೆ ಅದು ಅರ್ಥವಾಗುವುದಿಲ್ಲ.

ಸೇರಿದ ಮೊದಲ ವಾರ ನನ್ನ ಮೇಲಿದ್ದವರು ಕೃಷ್ಣಮೂರ್ತಿ ಸಾರ್. ತೂಕದ ಮನುಷ್ಯ, ಮಾತು ಕಡಿಮೆ. ಬಾಕ್ಸಿನ ಮೂಲೆ ಒತ್ತಿ ನೋಡು, ಅಲ್ಲಾಡಿಸು, ಕಿವಿಗೊಡು, ಮೂಸು, ಕೊನೆಗೆ ಬಿಚ್ಚು ಎಂದಷ್ಟೇ ಹೇಳಿಕೊಟ್ಟಿದ್ದರು. ಆ ವಾರ ಪ್ಯಾಂಟುಗಳ ಲೋಡು ಬಂತು. ಒಂದು ಬಾಕ್ಸು ಬಿಚ್ಚಿದರೆ ಪ್ಯಾಂಟಿನ ಎರಡೂ ಮಂಡಿ ಹರಿದಿವೆ. ಇನ್ನೊಂದರಲ್ಲೂ ಹಾಗೇ. ಇಲಿ ಕಡಿದಿರಬೇಕೆಂದುಕೊಂಡು ಮಧ್ಯಾಹ್ನದವರೆಗೆ ಕೂತು ಇಡೀ ಲೋಡಿಗೆ ಕೆಂಪು ಚೀಟಿ ಅಂಟಿಸಿಬಿಟ್ಟೆ. ಕೃಷ್ಣಮೂರ್ತಿ ಸಾರ್ ಬಂದು ಒಂದು ಪ್ಯಾಂಟು ಎತ್ತಿ ಬೆಳಕಿಗೆ ಹಿಡಿದರು.

‘ಇದು ಹರಿದಿರೋದಲ್ಲ ಕಣಪ್ಪ, ಹರಿದೇ ಮಾಡಿರೋದು. ಇದಕ್ಕೆ ದುಡ್ಡು ಜಾಸ್ತಿ,’ ಎಂದರು.

ಸಂಜೆಯವರೆಗೆ ಕೂತು ಚೀಟಿ ಕಿತ್ತೆ. ಅವತ್ತೇ ನನ್ನ ತಲೆಯಲ್ಲಿ ಮೊದಲ ಗಂಟು ಬಿತ್ತು. ಒಂದೇ ಬಟ್ಟೆ, ಒಂದೇ ತೂತು. ಬೇಕೆಂದು ಮಾಡಿದರೆ ಫ್ಯಾಷನ್ನು, ಬೇಡವೆಂದರೂ ಆದರೆ ಡ್ಯಾಮೇಜು. ಹಾಗಾದರೆ ಡ್ಯಾಮೇಜ್ ಇರುವುದು ಬಟ್ಟೆಯಲ್ಲೋ, ಮಾಡಿದವನ ಮನಸ್ಸಿನಲ್ಲೋ? ಅಂದಿನ ದಿನಚರಿಯಲ್ಲಿ ಇಷ್ಟೇ ಬರೆದು ಒಂದು ಪ್ರಶ್ನೆಚಿಹ್ನೆ ಹಾಕಿದ್ದೇನೆ. ಆ ಚಿಹ್ನೆ ಇನ್ನೂ ಹಾಗೇ ಇದೆ.

ಎರಡನೇ ಗಂಟು ಹಾಕಿದವರು ವಿಮೆ ಕಂಪನಿಯಿಂದ ಬರುತ್ತಿದ್ದ ಸರ್ವೇಯರು. ಒಮ್ಮೆ ಹಿಡಿ ಸೊಟ್ಟಗಾದ ಸ್ಟೀಲ್ ಬಕೆಟ್ಟುಗಳನ್ನು ತೋರಿಸಿದೆ. ಫ್ಯಾಕ್ಟರಿಯಲ್ಲೇ ಸೊಟ್ಟಗಾಗಿದ್ದರೆ ಇದು ಡಿಫೆಕ್ಟು, ಲಾರಿಯಲ್ಲಿ ಆಗಿದ್ದರೆ ಡ್ಯಾಮೇಜು ಎಂದರು. ಎಲ್ಲಿ ಆಯಿತೆಂದು ಬಕೆಟ್ಟನ್ನು ನೋಡಿ ಹೇಗೆ ಹೇಳುವುದು ಎಂದು ಕೇಳಿದೆ. ಅದನ್ನು ಹೇಳುವುದಕ್ಕೇ ನಿಮ್ಮನ್ನು ಕೂರಿಸಿರುವುದು ಎಂದರು. ಇಲಿ ತೂತು ಮಾಡಿದ ಅಕ್ಕಿ ಮೂಟೆ ಡ್ಯಾಮೇಜು, ಆದರೆ ಆ ತೂತಿನಿಂದ ಸೋರಿಹೋದ ಅಕ್ಕಿ ಡ್ಯಾಮೇಜಲ್ಲ, ಶಾರ್ಟೇಜು. ಇದನ್ನೂ ಅವರೇ ಹೇಳಿದ್ದು.

ನಮ್ಮೂರಿನ ಹೈಸ್ಕೂಲಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಇದ್ದಾರೆ. ಒಂದು ಭಾನುವಾರ ಅವರ ಮನೆಗೇ ಹೋದೆ. ಡ್ಯಾಮೇಜ್ ಎಂದರೆ ಹಾನಿ ಎಂದು ತಕ್ಷಣ ಹೇಳಿದರು. ಕಾಫಿ ಕುಡಿಯುತ್ತಾ ಇನ್ನೊಂದು ನೆನಪಿಸಿಕೊಂಡರು. ಕೊನೆಯಲ್ಲಿ ಒಂದು ಎಸ್ ಸೇರಿಸಿ ಡ್ಯಾಮೇಜಸ್ ಎಂದರೆ ಕೋರ್ಟಿನ ಭಾಷೆಯಲ್ಲಿ ಪರಿಹಾರದ ದುಡ್ಡಂತೆ. ಒಂದೇ ಅಕ್ಷರಕ್ಕೆ ಹಾನಿ ಹೋಗಿ ಪರಿಹಾರ ಬರುತ್ತದೆ! ಎರಡು ಬಾಕ್ಸು ಒಡೆದಿದ್ದರೆ ಏನು ಬರೆಯಬೇಕು ಮೇಷ್ಟ್ರೇ ಎಂದೆ. ಡ್ಯಾಮೇಜ್ ಎಂದೇ ಬರಿ, ಎಸ್ ಹಾಕಬೇಡ, ಹಾಕಿದರೆ ದುಡ್ಡು ಕೇಳಿದ ಹಾಗಾಗುತ್ತದೆ ಎಂದರು. ಅಂದಿನಿಂದ ನೂರು ಬಾಕ್ಸು ಒಡೆದರೂ ಏಕವಚನದಲ್ಲೇ ಬರೆದಿದ್ದೇನೆ.

ಕೃಷ್ಣಮೂರ್ತಿ ಸಾರ್ ಹೋದ ಮೇಲೆ ಹೊರ ರಾಜ್ಯದಿಂದ ಹೊಸ ಮ್ಯಾನೇಜರು ಬಂದರು. ಹಿಂದಿಯನ್ನೂ ಇಂಗ್ಲಿಷನ್ನೂ ಕಲಸಿ ಮಾತಾಡುತ್ತಿದ್ದರು. ಒಳಗಿನ ಮಾಲು ಹೇಗಾದರೂ ಇರಲಿ, ಬಾಕ್ಸಿನ ಮೇಲೆ ಗೀರು ಕಂಡರೂ ಡ್ಯಾಮೇಜೇ ಎಂಬುದು ಅವರ ಕಾಯಿದೆ. ಬಿಚ್ಚಿ ನೋಡುವುದು ನಿಂತಿತು, ಮೊಬೈಲಿನಲ್ಲಿ ಫೋಟೋ ತೆಗೆಯುವುದು ಶುರುವಾಯಿತು. ಬಂದ ಹೊಸದರಲ್ಲಿ ಅವರು ನಮ್ಮನ್ನೆಲ್ಲ ಹೆದ್ದಾರಿ ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋದರು. ಊಟವಾದ ಮೇಲೆ ಸಪ್ಲೈಯರ್ ಹುಡುಗನನ್ನು ಕರೆದು ಎಷ್ಟು ಡ್ಯಾಮೇಜ್ ಎಂದು ಕೇಳಿದರು. ಅವನು ಮೇಜಿನ ಮೇಲಿದ್ದ ಗ್ಲಾಸುಗಳನ್ನೆಲ್ಲ ಒಂದೊಂದಾಗಿ ನೋಡಿ, ಏನೂ ಒಡೆದಿಲ್ಲ ಸಾರ್ ಎಂದ. ಬಿಲ್ಲು ಎಷ್ಟಾಯಿತು ಎಂದು ಕೇಳುವುದಕ್ಕೂ ಆ ಪದವೇ ಎಂದು ನಮಗೆ ಗೊತ್ತಾದದ್ದು ಅವತ್ತು.

ಆಮೇಲೆ ನನಗೆ ಎಣಿಸುವ ಹುಚ್ಚು ಹಿಡಿಯಿತು. ಒಂದು ವಾರ ಗೋಡೌನಿನಲ್ಲಿ ಆ ಪದ ಕಿವಿಗೆ ಬಿದ್ದಾಗಲೆಲ್ಲ ಗೆರೆ ಹಾಕಿದೆ. ಮಾಲಿಗೆ ಹೇಳಿದ್ದು ಹದಿನೇಳು ಸಲ. ಮನುಷ್ಯರಿಗೆ ಹೇಳಿದ್ದು ಇಪ್ಪತ್ತೆಂಟು ಸಲ. ಕುಡಿದು ತಲೆನೋವು ಬಂದವನು, ಎಲ್ಲರೆದುರು ಬೈಸಿಕೊಂಡವನು, ಮೊಬೈಲ್ ಕಳೆದುಕೊಂಡವನು, ಹುಡುಗಿ ಬಿಟ್ಟುಹೋದವನು, ಎಲ್ಲರೂ ಫುಲ್ ಡ್ಯಾಮೇಜು. ಯಾವುದಕ್ಕೆ ಹೇಳಿದರೆಂದು ನನಗೆ ತಿಳಿಯದ್ದು ಒಂಬತ್ತು ಸಲ.

ನನ್ನ ಹೆಸರಿಗೂ ಅದು ಅಂಟಿಕೊಂಡಿತ್ತು. ಗೋಡೌನಿನಲ್ಲಿ ಇಬ್ಬರು ಚಂದ್ರು. ಮಾಲು ಕಳಿಸುವ ಕಡೆ ಇದ್ದವನು ಡಿಸ್ಪ್ಯಾಚ್ ಚಂದ್ರು, ನಾನು ಡ್ಯಾಮೇಜ್ ಚಂದ್ರು. ನನಗೆ ಹೆಣ್ಣು ಕೊಡಲು ನಂದಗುಡಿ ಕಡೆಯವರು ಬಂದಿದ್ದರು. ಹುಡುಗಿಯ ಸೋದರಮಾವ ಗೋಡೌನಿನ ಗೇಟಿನಲ್ಲಿ ವಿಚಾರಿಸಿದ್ದಾರೆ. ಸೆಕ್ಯುರಿಟಿಯವನು, ಯಾರು, ಡ್ಯಾಮೇಜ್ ಚಂದ್ರುನಾ, ಒಳ್ಳೆ ಹುಡ್ಗ ಸಾರ್ ಎಂದಿದ್ದಾನೆ. ಅವರು ಮನೆಗೆ ಬಂದು ಕಾಫಿ ಮುಟ್ಟದೆ ನಮ್ಮ ತಂದೆಯನ್ನು ಕೇಳಿದರು. ‘ಹುಡ್ಗ ಒಳ್ಳೇವ್ನೇ ಅಂತಾರೆ. ಆದ್ರೆ ಡ್ಯಾಮೇಜು ಎಲ್ಲಿ ಆಗೈತೆ ಅಂತ ಯಾರೂ ಬಾಯಿ ಬಿಡ್ತಿಲ್ಲ. ನೀವೇ ಹೇಳ್ಬಿಡಿ ಗೌಡ್ರೇ.’ ಮದುವೆಯೇನೋ ಆಯಿತು. ಆದರೆ ಆ ಮಾವ ಇವತ್ತಿಗೂ ನಾನು ನಡೆಯುವುದನ್ನು ಒಂದು ಥರ ಗಮನಿಸುತ್ತಾರೆ.

ಇಷ್ಟು ಹಿನ್ನೆಲೆ ಸಾಕು. ಈಗ ಸುನಂದಮ್ಮ.

ಸುನಂದಮ್ಮ ಗುತ್ತಿಗೆ ಏಜೆನ್ಸಿಯ ಮೂಲಕ ಪ್ಯಾಕಿಂಗಿಗೆ ಬಂದವರು. ನಲವತ್ತೈದರ ಆಸುಪಾಸು. ದಾಬಸ್‌ಪೇಟೆಯಿಂದ ಒಳಗೆ ಒಂದು ಹಳ್ಳಿ. ಹೊಲದ ಕೆಲಸ ಬಿಟ್ಟು ಮೊದಲ ಸಲ ಸಂಬಳದ ಕೆಲಸಕ್ಕೆ ಬಂದಿದ್ದರು, ಸೇರಿ ಎರಡು ತಿಂಗಳಾಗಿತ್ತು. ಮೊದಲ ದಿನ ಅವರಿಗೆ ಗೋಡೌನು ತೋರಿಸಿದವನು ನಾನೇ. ಕೆಂಪು ಚೀಟಿ ಬಿದ್ದ ಮಾಲನ್ನೆಲ್ಲ ಕಬ್ಬಿಣದ ಜಾಲರಿ ಹಾಕಿದ ಒಂದು ಮೂಲೆಗೆ ತಳ್ಳುತ್ತಿದ್ದೆವು. ತಿಂಗಳಿಗೊಮ್ಮೆ ಗುಜರಿಯವನ ಲಾರಿ ಬಂದು ಅದನ್ನು ತೂಕಕ್ಕೆ ಹಾಕಿಕೊಂಡು ಹಿಂದಿನ ಗೇಟಿನಿಂದ ಹೋಗುತ್ತಿತ್ತು. ಡ್ಯಾಮೇಜ್ ಅಂದರೆ ಹಿಂದಿನ ಗೇಟು ಅಕ್ಕ, ಅಷ್ಟು ನೆನಪಿಟ್ಟುಕೊಂಡರೆ ಸಾಕು ಎಂದು ನಾನು ಹೇಳಿಕೊಟ್ಟಿದ್ದೆ. ಅವರು ನೆನಪಿಟ್ಟುಕೊಂಡರು.

ಒಂದು ಮಧ್ಯಾಹ್ನ ಕುಕ್ಕರುಗಳ ಲೋಡು ಬಂತು. ಬಾಕ್ಸು ಜೋಡಿಸಿದ ಮರದ ಪ್ಯಾಲೆಟ್ಟು ಕೈಗಾಡಿಯಿಂದ ಜಾರಿ ರ್‍ಯಾಕಿನ ಕಂಬಕ್ಕೆ ಒರಗಿತು. ನಡುವೆ ಸುನಂದಮ್ಮನವರ ಬಲಗೈ ಇತ್ತು. ಇನ್ನೊಂದು ಕೈಯಿಂದ ಬಾಕ್ಸು ಬೀಳದ ಹಾಗೆ ಹಿಡಿದುಕೊಂಡಿದ್ದರು. ಸೂಪರ್‌ವೈಸರ್ ಗಿರೀಶ ಓಡಿಬಂದು ಪ್ಯಾಲೆಟ್ಟು ಎಳೆದ. ಉಂಗುರದ ಬೆರಳು ನೀಲಿಯಾಗಿ ಊದಿತ್ತು. ಅವನು ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಹತ್ತಿರದ ಇ.ಎಸ್.ಐ. ಚಿಕಿತ್ಸಾಲಯಕ್ಕೆ ಹೋದ.

ನಾನು ಕುಕ್ಕರಿನ ಬಾಕ್ಸುಗಳನ್ನು ನೋಡಿದೆ. ಒಂದಕ್ಕೂ ಏನೂ ಆಗಿರಲಿಲ್ಲ. ಪ್ರತಿ ಶಿಫ್ಟಿನ ಕೊನೆಗೆ ಹೆಡ್ ಆಫೀಸಿಗೆ ಮೊಬೈಲಿನಲ್ಲಿ ಒಂದು ಸಾಲಿನ ಸಂದೇಶ ಹೋಗಬೇಕು. ಅಂದೂ ಹೋಯಿತು. ಡ್ಯಾಮೇಜ್ ನಿಲ್.

ಎರಡು ದಿನ ಬಿಟ್ಟು ಮ್ಯಾನೇಜರು ನನ್ನನ್ನು ಕರೆದರು. ಬೆರಳಿನ ಮೂಳೆ ಬಿರುಕು ಬಿಟ್ಟಿದೆ, ಒಂದು ತಿಂಗಳು ಕೈ ಆಡಿಸುವಂತಿಲ್ಲ ಎಂದು ಡಾಕ್ಟರು ಬರೆದಿದ್ದರು. ಕೆಲಸದಲ್ಲಿದ್ದಾಗ ಆದದ್ದೆಂದು ಕಂಪನಿ ವರದಿ ಕೊಟ್ಟರೆ ಆ ತಿಂಗಳ ದುಡ್ಡು ಇ.ಎಸ್.ಐ.ನಿಂದ ಅವರಿಗೆ ಬರುತ್ತದೆ, ಜಾಗವೂ ಉಳಿಯುತ್ತದೆ. ಮನೆಯಲ್ಲಿ ಆದದ್ದಾದರೆ ಎರಡು ತಿಂಗಳ ಹೊಸಬರಿಗೆ ಏನೂ ಇಲ್ಲ, ಏಜೆನ್ಸಿಯವರು ಬೇರೆಯವರನ್ನು ಕಳಿಸುತ್ತಾರೆ. ಆಸ್ಪತ್ರೆಯ ಚೀಟಿಯಲ್ಲಿ ಮನೆಯ ಬಾಗಿಲಿಗೆ ಸಿಕ್ಕಿ ಆದದ್ದು ಎಂದಿತ್ತು. ಹೆಡ್ ಆಫೀಸಿನವರು ನನ್ನ ಸಂದೇಶವನ್ನೂ ತೆಗೆದು ನೋಡಿದ್ದರು. ಅವತ್ತು ಯಾವ ಹಾನಿಯೂ ಆಗಿಲ್ಲವೆಂದು ನೀವೇ ತಿಳಿಸಿದ್ದೀರಲ್ಲ ಎಂದು ಕೇಳುತ್ತಿದ್ದರು.

ಅದು ಕುಕ್ಕರಿನ ಬಗ್ಗೆ ಬರೆದದ್ದು ಸಾರ್, ಮನುಷ್ಯರ ಬಗ್ಗೆ ಅಲ್ಲ ಎಂದೆ. ಮನುಷ್ಯರ ಬಗ್ಗೆ ಎಲ್ಲಿ ಬರೆಯುತ್ತೀರಿ ಎಂದು ಅವರು ಕೇಳಿದರು. ನಾನು ಯೋಚಿಸಿದೆ. ಎಲ್ಲೂ ಬರೆಯುತ್ತಿರಲಿಲ್ಲ. ಅದಕ್ಕೆ ಬೇರೆ ಅಧಿಕಾರಿ ಇದ್ದರು, ಬೆಂಗಳೂರಿನಲ್ಲಿ. ಯಾರಾದರೂ ಹೇಳಿದರೆ ಬರೆದುಕೊಳ್ಳುತ್ತಿದ್ದರು.

ಬಾಗಿಲಿನ ವಿಷಯ ಗಿರೀಶನಿಗೂ ಗೊತ್ತಿರಲಿಲ್ಲ, ಅವರು ಡಾಕ್ಟರಿಗೆ ಹೇಳುವಾಗ ಅವನು ಹೊರಗೆ ಬೈಕಿನ ಹತ್ತಿರ ನಿಂತಿದ್ದನಂತೆ. ಏಜೆನ್ಸಿಯವರು ಸೋಮವಾರ ಬೇರೆಯವರನ್ನು ಕಳಿಸುತ್ತೇವೆ ಎಂದಿದ್ದರು. ಆವತ್ತು ಶನಿವಾರ. ಶಿಫ್ಟು ಮುಗಿದ ಕೂಡಲೇ ನಾನೂ ಗಿರೀಶನೂ ಸುನಂದಮ್ಮನವರ ಊರಿಗೆ ಹೋದೆವು. ಜಗುಲಿಯ ಮೇಲೆ ಎಡಗೈಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು.

‘ಯಾಕಕ್ಕ ಬಾಗ್ಲು ಅಂದ್ರಿ?’ ಎಂದ ಗಿರೀಶ.

‘ಇನ್ನೇನ್ ಅನ್ಲಿ? ನೀನೇ ಹೇಳ್ದ್ಯಲ್ಲಪ್ಪ ಬೈಕಲ್ಲಿ.’

‘ನಾನೇನ್ ಹೇಳ್ದೆ?’

‘ನಂದು ಯಾವ್ದರಲ್ಲಿ ಹಾಕ್ತೀರ ಅಂತ ಕೇಳಿದ್ದಕ್ಕೆ, ಡ್ಯಾಮೇಜಲ್ಲಿ ಹಾಕಿಸ್ತೀನಿ, ಹೆದರ್ಬೇಡಿ ಅಂದೆ. ಹೆದರ್ದೆ ಇರ್ತೀನಾ?’

ಗಿರೀಶ ನನ್ನ ಮುಖ ನೋಡಿದ. ಅವನು ಹೇಳಿದ್ದು, ನಿಮಗೆ ಏಟಾದದ್ದನ್ನು ಬರೆಸುತ್ತೇನೆ ಎಂದು. ಅವರಿಗೆ ಕೇಳಿಸಿದ್ದು, ನಿಮ್ಮನ್ನು ಹಿಂದಿನ ಗೇಟಿನಿಂದ ಕಳಿಸುತ್ತೇವೆ ಎಂದು. ಅದನ್ನು ತಪ್ಪು ಎನ್ನುವಂತಿರಲಿಲ್ಲ. ಪದಕ್ಕೆ ಆ ಅರ್ಥ ಹೇಳಿಕೊಟ್ಟವನು ನಾನೇ.

ಕುಳಿತು ವಿವರಿಸಿದೆವು. ಕೆಲಸದಲ್ಲಿ ಆದದ್ದೆಂದು ಬರೆಸಿದರೆ ಜಾಗ ಹೋಗುವುದಿಲ್ಲ, ಬರೆಸದಿದ್ದರೇ ಹೋಗುತ್ತದೆ ಎಂದೆವು. ಅವರು ನಂಬಲಿಲ್ಲ. ಇಲ್ಲಿಯವರೆಗೆ ಡ್ಯಾಮೇಜ್ ಎಂದು ಬರೆಸಿಕೊಂಡ ಯಾವುದು ಒಳಗೆ ಉಳಿದಿದೆ ಹೇಳಿ ಎಂದರು. ಹಾಗಾದರೆ ಡ್ಯಾಮೇಜ್ ಬೇಡ, ಇಂಜುರಿ ಎಂದು ಬರೆಸೋಣ ಎಂದ ಗಿರೀಶ. ಇಂಜೆಕ್ಷನ್ ಆಗಲೇ ಕೊಟ್ಟರಲ್ಲ ಎಂದರು ಸುನಂದಮ್ಮ.

ಹಾನಿ ಎಂದೆ. ಹಾನಿ ಬೆಳೆಗೆ ಆಗುವುದು ಎಂದರು. ನಷ್ಟ ಎಂದ ಗಿರೀಶ. ನಷ್ಟ ಕಂಪನಿಗೆ ಆಗುವುದು, ನನ್ನಿಂದ ನಷ್ಟ ಎಂದು ಬರೆದರೆ ಮುಗಿಯಿತು ಎಂದರು. ಗಾಯ ಎಂದೆ. ರಕ್ತವೇ ಬಂದಿಲ್ಲ, ಸುಳ್ಳು ಯಾಕೆ ಬರೆಸಲಿ ಎಂದರು. ಹುರುಳಿಕಾಯಿ ಮುಗಿಯುತ್ತಾ ಬಂತು. ನನಗಂತೂ ಎಲ್ಲ ಪದಗಳೂ ಕೈಯಲ್ಲಿ ಹಿಡಿದ ಸೋಪಿನ ಹಾಗೆ ಜಾರುತ್ತಿದ್ದವು. ಕೊನೆಗೆ ಅವರೇ ಹೇಳಿದರು.

‘ಪೆಟ್ಟು ಬಿತ್ತು ಅಂತ ಬರೀರಿ. ಪೆಟ್ಟು ಬಿದ್ದೋರ್ನ ಯಾರೂ ಆಚೆಗ್ ಕಳ್ಸಲ್ಲ, ಕೂರಿಸಿ ನೀರು ಕೊಡ್ತಾರೆ.’

ಒಂದು ಹಾಳೆಯ ಮೇಲೆ ಅವರು ಹೇಳಿದಂತೆಯೇ ಕನ್ನಡದಲ್ಲಿ ಬರೆದುಕೊಂಡೆ, ಗೋಡೌನಿನಲ್ಲಿ ಕೆಲಸ ಮಾಡುವಾಗ ಕೈಗೆ ಪೆಟ್ಟು ಬಿತ್ತು ಎಂದು. ಎಡಗೈಯಲ್ಲಿ ಸಹಿ ಹಾಕಿದರು. ಸಾಕ್ಷಿಯೆಂದು ಗಿರೀಶ ಹಾಕಿದ. ಸೋಮವಾರ ಬೆಳಿಗ್ಗೆ ಮೂವರೂ ಡಾಕ್ಟರ ಬಳಿ ಹೋದೆವು. ಮೊದಲೇ ನಿಜ ಹೇಳಲು ಏನಾಗಿತ್ತು ಎಂದು ಅವರು ರೇಗಿದರು, ಆಮೇಲೆ ಕಂಪನಿಯ ವರದಿ ಬಂದರೆ ತಿದ್ದುತ್ತೇನೆ ಎಂದು ಒಪ್ಪಿದರು. ಸುನಂದಮ್ಮನವರ ಮುಖ ನೋಡಿ ಕನಿಕರವಾಗಿರಬೇಕು, ಸಮಾಧಾನ ಮಾಡಲು ಹೊರಟರು. ‘ಹೆದ್ರಬೇಡಿ ಅಮ್ಮ, ನರ ಏನೂ ಡ್ಯಾಮೇಜ್ ಆಗಿಲ್ಲ.’ ಸುನಂದಮ್ಮ ಸರಕ್ಕನೆ ನನ್ನ ಕಡೆ ತಿರುಗಿದರು. ಆಗಿಲ್ಲ ಅಂದದ್ದು ಅಕ್ಕ, ಆಗಿಲ್ಲ ಅಂದದ್ದು ಎಂದು ನಾನೂ ಗಿರೀಶನೂ ಒಟ್ಟಿಗೇ ಹೇಳಿದೆವು.

ಗೋಡೌನಿಗೆ ಬಂದರೆ ಏಜೆನ್ಸಿಯವರು ಕಳಿಸಿದ ಹೊಸ ಹೆಂಗಸು ಗೇಟಿನಲ್ಲಿ ಕೂತಿದ್ದಳು. ಮ್ಯಾನೇಜರು ಹಾಳೆ ತೆಗೆದುಕೊಂಡು, ಗಿರೀಶನಿಂದ ಓದಿಸಿಕೊಂಡು, ಹೆಡ್ ಆಫೀಸಿನವರನ್ನು ಕಂಪ್ಯೂಟರಿನ ಪರದೆಯ ಮೇಲೆ ಕರೆದರು. ಅವರು ಬಿಡಲಿಲ್ಲ. ನಿಮ್ಮ ಹಳೆಯ ಸಂದೇಶ ತಪ್ಪೋ ಸರಿಯೋ, ಅದನ್ನು ಮೊದಲು ಹೇಳಿ ಎಂದರು. ತಪ್ಪು ಎಂದರೆ ಕುಕ್ಕರು ಒಡೆದಿದೆ ಎಂದಾಗುತ್ತದೆ. ಸರಿ ಎಂದರೆ ಬೆರಳಿಗೆ ಏನೂ ಆಗಿಲ್ಲ ಎಂದಾಗುತ್ತದೆ. ಎರಡೂ ನಿಜವಲ್ಲ. ಸರಿ, ಆದರೆ ಅರ್ಧ ಎಂದೆ. ಉಳಿದ ಅರ್ಧ ಕಳಿಸಿ ಎಂದರು. ಅಲ್ಲೇ ನಿಂತು, ಆ ದಿನದ ಸಂದೇಶವನ್ನು ಗಟ್ಟಿಯಾಗಿ ಓದುತ್ತಾ ಮತ್ತೆ ಕಳಿಸಿದೆ. ಇಂಗ್ಲಿಷ್ ಅಕ್ಷರದಲ್ಲೇ, ಡ್ಯಾಮೇಜ್ ನಿಲ್, ಪೆಟ್ಟು ಒಂದು. ಬೇರೆ ಪದ ಹಾಕಲು ಧೈರ್ಯವಾಗಲಿಲ್ಲ, ಸುನಂದಮ್ಮ ಬಾಗಿಲ ಹೊರಗೆ ನಿಂತು ಕಿವಿಗೊಟ್ಟಿದ್ದರು.

ಪೆಟ್ಟು ಎಂದರೇನು ಎಂದು ಪರದೆಯೊಳಗಿಂದ ಕೇಳಿದರು. ಮ್ಯಾನೇಜರು ಉತ್ತರಿಸಿದರು. ಮನುಷ್ಯರಿಗೆ ಆಗುವ ಡ್ಯಾಮೇಜ್ ಎಂದು.

ಮತ್ತೆ ಅಲ್ಲಿಗೇ ಬಂತಲ್ಲ ಎಂದುಕೊಂಡೆ. ಪುಣ್ಯಕ್ಕೆ ಅವರು ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದರು, ವೇಗವಾಗಿ ಹೇಳಿದ್ದರು, ಹೊರಗೆ ಕೇಳಿಸಲಿಲ್ಲ. ವರದಿಗೆ ಸಹಿಯಾಯಿತು. ಗೇಟಿನಲ್ಲಿದ್ದ ಹೆಂಗಸನ್ನು ಬೇರೆ ಗೋಡೌನಿಗೆ ಕಳಿಸಿದರು. ಒಂದು ತಿಂಗಳು ಕಳೆದು ಸುನಂದಮ್ಮ ಮುಂದಿನ ಗೇಟಿನಿಂದಲೇ ಒಳಗೆ ಬಂದರು. ಬೆರಳು ಪೂರ್ತಿ ಮಡಚುತ್ತಿರಲಿಲ್ಲ, ಈಗಲೂ ಮಡಚುವುದಿಲ್ಲ. ಭಾರ ಎತ್ತುವುದು ಬೇಡವೆಂದು ಅವರನ್ನು ಹಸಿರು ಚೀಟಿ ಅಂಟಿಸುವ ಕಡೆ ಹಾಕಿದರು. ಅಂದಿನಿಂದ ಪ್ರತಿ ಶಿಫ್ಟಿನ ಸಂದೇಶದಲ್ಲಿ ಎರಡನೇ ಪದವೂ ಸೇರಿತು. ಸಂಜೆ ಹೋಗುವಾಗ ಅವರು ನನ್ನ ಡೆಸ್ಕಿನ ಹತ್ತಿರ ನಿಂತು, ಇವತ್ತು ಪೆಟ್ಟು ಎಷ್ಟು ಎಂದು ಕೇಳುತ್ತಿದ್ದರು. ನಿಲ್ ಎಂದರೆ ತಲೆಯಾಡಿಸಿ ಹೋಗುತ್ತಿದ್ದರು.

ನನ್ನ ಸಂದೇಶದಲ್ಲಿ ತಪ್ಪಿತ್ತೇ ಎಂದು ಈಗಲೂ ಯೋಚಿಸುತ್ತೇನೆ. ನಿಘಂಟಿನ ಪ್ರಕಾರ ಸರಿ. ಇಂಗ್ಲಿಷಿನಲ್ಲಿ ವಸ್ತುವಿಗೆ ಡ್ಯಾಮೇಜು, ಮನುಷ್ಯರಿಗೆ ಇಂಜುರಿ ಎಂದು ಮೇಷ್ಟ್ರು ಆಮೇಲೆ ಹೇಳಿದರು. ಆದರೆ ಹೃದಯ, ಕಿಡ್ನಿ, ನರ, ಹೆಸರು, ಇವಕ್ಕೆಲ್ಲ ಡ್ಯಾಮೇಜೇ ಆಗುತ್ತದಂತೆ. ಬಿಡಿ ಭಾಗಗಳಿಗೆ ಒಂದು ಪದ, ಇಡೀ ಮನುಷ್ಯನಿಗೆ ಇನ್ನೊಂದು ಪದ. ಹಾಗಾದರೆ ಬೆರಳು ಯಾವುದರ ಲೆಕ್ಕ ಎಂದು ಕೇಳಿದೆ. ಮೇಷ್ಟ್ರು ತಮ್ಮ ಬೆರಳನ್ನೇ ನೋಡಿಕೊಂಡರು.

ಇಲ್ಲಿಗೆ ಮುಗಿಸೋಣವೆಂದಿದ್ದೆ. ಆದರೆ ಹೋದ ವಾರ ಡಿಸ್ಪ್ಯಾಚ್ ಚಂದ್ರು ಫೋನ್ ಮಾಡಿದ. ಅವನು ಇನ್ನೂ ಅಲ್ಲೇ ಇದ್ದಾನೆ. ಕ್ಯಾಮೆರಾ ಕಮಾನು ಒಡೆದದ್ದನ್ನು ಮಾತ್ರ ಕೆಂಪು ಎನ್ನುತ್ತದೆ, ಸುಮ್ಮನೆ ಮೂಲೆ ಜಜ್ಜಿದ ಬಾಕ್ಸುಗಳನ್ನು ಏನೆಂದು ಬರೆಯುವುದೆಂದು ತಿಳಿಯದೆ ಹೊಸ ಹುಡುಗರು ಸಂದೇಶದಲ್ಲಿ ಖಾಲಿ ಬಿದ್ದಿದ್ದ ಎರಡನೇ ಪದದ ಜಾಗದಲ್ಲಿ ಹಾಕುತ್ತಿದ್ದಾರಂತೆ.

‘ಇವತ್ತು ಹನ್ನೆರಡು ಬಾಕ್ಸು ಪೆಟ್ಟು ಗುರು,’ ಎಂದ.

‘ಲೋ, ಅದು ಮನುಷ್ಯರಿಗೆ ಕಣೋ. ಮನುಷ್ಯರಿಗೆ ಆದ್ರೆ ಏನಂತ ಬರೀತಾರೆ ಹಾಗಾದ್ರೆ?’

‘ಮನುಷ್ಯರಿಗಾ? ಡ್ಯಾಮೇಜ್ ಅಂತ. ಇನ್ನೇನ್ ಬರೀತಾರೆ?’

ಸುನಂದಕ್ಕ ಹೇಗಿದ್ದಾರೆ ಎಂದು ಕೇಳಿದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅವರ ಬೆರಳು ನೋಡಿ, ಡ್ಯಾಮೇಜಾ ಆಂಟಿ ಎಂದಳಂತೆ. ಅವರು ಕೈಯಲ್ಲಿದ್ದ ಸುರುಳಿಯಿಂದ ಒಂದು ಹಸಿರು ಚೀಟಿ ಕಿತ್ತು, ಮಡಚದ ಆ ಬೆರಳಿಗೇ ಸುತ್ತಿಕೊಂಡು ಕೆಲಸ ಮುಂದುವರಿಸಿದರಂತೆ.

ನಿಮ್ಮ ಕಡೆ ಕಾರ್ಖಾನೆಯಲ್ಲೋ ಹೊಲದಲ್ಲೋ ಇದಕ್ಕೆ ಬೇರೆ ಪದ ಇರಬಹುದು. ಬಾಕ್ಸಿಗೆ ಹತ್ತದ, ಮನುಷ್ಯರಿಗೆ ಮಾತ್ರ ಸಲ್ಲುವ, ಬರೆಸಿಕೊಂಡವರು ಗೇಟಿನ ಕಡೆ ನೋಡಬೇಕಾಗದ ಪದ. ತಿಳಿದವರು ದಯವಿಟ್ಟು ಬರೆದು ತಿಳಿಸಿ, ಹೊಸದಾಗಿ ಸೇರುವವರಿಗೆ ಅದನ್ನೇ ಹೇಳಿಕೊಡುತ್ತೇನೆ. ಸ್ವಲ್ಪ ಬೇಗ ಬರೆದರೆ ಒಳ್ಳೆಯದು. ಹಳೆಯದಂತೂ ಆಗಲೇ ಬಾಕ್ಸುಗಳ ಪಾಲಾಗಿದೆ.